ಅಂತ್ಯಕ್ಕಿಂತ ಹಿರಿದಾದ ಉಪಾಂತ್ಯ

ಲೀಗ್ ಪಂದ್ಯಗಳಲ್ಲಿ ಇಂದು ಸೋತವರು ಮುಂದಿನ ವಾರ ಗೆದ್ದು ಲೆಕ್ಕವನ್ನು ಸರಿಮಾಡಿಕೊಳ್ಳಬಹುದು. ಕಪ್ಪಿನ ಪಂದ್ಯಾವಳಿಯಲ್ಲಿ ಅಂತಹ ದಾಕ್ಷಿಣ್ಯವಿಲ್ಲ. ಸೋತ ತಂಡ ಅಂದೇ ಗಂಟುಮೂಟೆ ಕಟ್ಟಬೇಕು. ಅದರಲ್ಲಿಯೂ ಉಪಾಂತ್ಯ ಪಂದ್ಯದ ಸೋಲು ಎಲ್ಲಕ್ಕಿಂತ ಕಹಿಯಾದುದು. ಅಂತಿಮ ಪಂದ್ಯದಲ್ಲಿ ಸೋತವರಿಗೆ ಎರಡನೆಯ ಸ್ಥಾನದ ಗೌರವವಾದರೂ ದಕ್ಕುತ್ತದೆ. ಉಪಾಂತ್ಯದಲ್ಲಿ ಸೋತವರದು ಹೊಸ್ತಿಲವರೆಗೆ ಬಂದು, ಒಳಗಿನ ದೀಪವನ್ನು ಕಂಡು, ಹಿಂದಿರುಗಿ ಹೋದವರ ಪಾಡು. ಇನ್ನು ಎದುರಾಳಿಯೂ ಅದೇ ಊರಿನವನಾದರೆ ಕೇಳುವುದೇ ಬೇಡ. ದೂರದ ಊರಿನವರ ಕೈಯಲ್ಲಿ ಸೋತರೆ ಎರಡು ದಿನಗಳಲ್ಲಿ ಮರೆಯಬಹುದು. ಗೋಡೆಯಾಚೆಯ ನೆರೆಮನೆಯವನ ಕೈಯಲ್ಲಿ ಸೋತರೆ ಮರೆಯಲು ಅವನೇ ಬಿಡುವುದಿಲ್ಲ.

ಇಂತಹ ಪಂದ್ಯವೊಂದಕ್ಕೆ 1997ರ ಜುಲೈ ತಿಂಗಳಿನಲ್ಲಿ ಕಲ್ಕತ್ತಾ ನಗರ ಕಾದು ಕುಳಿತಿತ್ತು. ಫೆಡರೇಷನ್ ಕಪ್ಪಿನ ಉಪಾಂತ್ಯದಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳು ಎದುರುಬದುರಾಗಿದ್ದವು. ಪಂದ್ಯದ ದಿನ 13, ಭಾನುವಾರ. ಸ್ಥಳ ಸಾಲ್ಟ್ ಲೇಕ್ ಕ್ರೀಡಾಂಗಣ. ಕಾಲ್ಚೆಂಡಾಟದ ಅಭಿಮಾನಿಯ ಮನಸ್ಸು ಪಂದ್ಯಕ್ಕೆ ಮೊದಲು ಎಷ್ಟು ಬಗೆಯಲ್ಲಿ ಅಲೆಯುತ್ತದೆಂಬುದನ್ನು ತಿಳಿಯಲು ಆ ವಾರಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು.

ಈ ಎರಡು ಸಂಘಗಳ ಹಗೆತನ ಹಳೆಯದು. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. 1911ರಲ್ಲಿ ಅದರ ಆಟಗಾರರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದರು. ಆ ತಂಡದಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದವರು. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ. ಮೋಹನ್ ಬಗಾನ್ ವಿರುದ್ಧದ ಪಂದ್ಯವೊಂದರಲ್ಲಿ ಜೋಡಾಬಗಾನ್ ಸಂಘವು ಪೂರ್ವ ಬಂಗಾಳದ ಆಟಗಾರನನ್ನು ಕೈಬಿಟ್ಟಿತೆಂಬ ಅಸಮಾಧಾನದಿಂದ ಹೊರಬಂದವರು ಕಟ್ಟಿದ ಸಂಘ ಅದು. ಮರುವರ್ಷ, 1921ರಲ್ಲಿ, ಎರಡು ತಂಡಗಳೂ ಮೊದಲ ಬಾರಿಗೆ ಸೆಣಸಿದವು. ಅದೂ ಕೂಚ್ ಬೆಹಾರ್ ಕಪ್ಪಿನ ಉಪಾಂತ್ಯ ಪಂದ್ಯವೇ! ದೇಶ ವಿಭಜನೆಯಾದ ಮೇಲೆ ನೆಲೆ ತಪ್ಪಿ ಕಲ್ಕತ್ತೆಗೆ ಬಂದ ಪೂರ್ವ ಬಂಗಾಳದ ಲಕ್ಷಾಂತರ ಕುಟುಂಬಗಳಿಗೆ ಈಸ್ಟ್ ಬೆಂಗಾಲಿನ ಕೆಂಪು-ಹೊನ್ನಿನ ಬಣ್ಣ ಕಳೆದುಹೋದ ಊರಿನ ಗುರುತಾಯಿತು. ಮೂಲನಿವಾಸಿಗಳಾದ ‘ಘೋಟಿ’ಗಳು ಮೋಹನ್ ಬಗಾನಿನ ಹಸಿರು-ಕಡುಗೆಂಪಿನ ಪಕ್ಷ, ವಲಸೆ ಬಂದ ‘ಬಾಂಗಾಲ’ರು ಈಸ್ಟ್ ಬೆಂಗಾಲಿನ ಪಕ್ಷ.

ಕನ್ನಡಿಗರಿಗೆ ಇಲ್ಲಿ ಹೆಮ್ಮೆಪಡುವ ಸಂಗತಿಯೊಂದುಂಟು. 1949ರಿಂದ 1951ರವರೆಗೆ ಸತತವಾಗಿ ಮೂರು ವರ್ಷ ಈಸ್ಟ್ ಬೆಂಗಾಲ್ ಷೀಲ್ಡನ್ನು ಗೆದ್ದಾಗ ಅದರ ಮುಂಪಡೆಯಲ್ಲಿದ್ದವರನ್ನು ಜನರು ‘ಪಂಚ ಪಾಂಡವರು’ ಎಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹಮದ್ ಖಾನ್ ಎಂಬ ಈ ಐವರೂ ದಕ್ಷಿಣದವರು. ಅಹಮದ್ ಖಾನರಂತೂ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಆಡಿದವರು. ನೆಲೆ ತಪ್ಪಿ ಬಂದವರ ಸಂಘಕ್ಕೆ ದೂರದ ದಕ್ಷಿಣದವರು ಗೆಲುವನ್ನು ತಂದುಕೊಟ್ಟರು.

1997ರ ಆ ವಾರ ಮೋಹನ್ ಬಗಾನಿನ ಅಭಿಮಾನಿಯ ಎದೆ ಉಬ್ಬಿತ್ತು. ಅದಕ್ಕೆ ಕಾರಣವೂ ಇತ್ತು. ಶಿಕ್ಷಕ ಅಮಲ್ ದತ್ತ ‘ಡೈಮಂಡ್’ ಎಂಬ ವಜ್ರಾಕೃತಿಯ ವ್ಯೂಹವನ್ನು ರೂಪಿಸಿದ್ದರು. ಕಾದು ಆಡುವುದಕ್ಕಿಂತ ಮುನ್ನುಗ್ಗಿ ಆಡುವುದೇ ಅದರ ಜೀವಾಳ. ಹಿಂದಿನ ಸುತ್ತಿನಲ್ಲಿ ಗೋವೆಯ ಚರ್ಚಿಲ್ ಬ್ರದರ್ಸ್ ತಂಡ ಈ ವ್ಯೂಹಕ್ಕೆ ಸಿಲುಕಿ ಆರು ಗೋಲುಗಳನ್ನು ತಿಂದಿತ್ತು. ನೈಜೀರಿಯದ ಚೀಮಾ ಒಕೋರಿಯಂತಹ ಬಲಿಷ್ಠ ಆಟಗಾರ ಮುಂಪಡೆಯಲ್ಲಿದ್ದ. ಗೆಲುವು ಕೈಗೆ ಬಂದಂತೆಯೇ ಎಂದು ಚಹದಂಗಡಿಗಳಲ್ಲಿ ಮಾತು ನಡೆಯಿತು. ದತ್ತರೂ ಸುಮ್ಮನಿರಲಿಲ್ಲ. ಎದುರಾಳಿ ತಂಡದ ಬೈಚುಂಗ್ ಭುಟಿಯಾರನ್ನು ‘ಚುಂಗ್ ಚುಂಗ್’ ಎಂದೂ, ಒಮೊಲೊ ಎಂಬ ಆಟಗಾರನನ್ನು ‘ಆಮ್ಲೆಟ್’ ಎಂದೂ ಪತ್ರಿಕೆಗಳೆದುರಿನಲ್ಲಿ ಹಾಸ್ಯಮಾಡಿದರು.

ಈಸ್ಟ್ ಬೆಂಗಾಲಿನ ಅಭಿಮಾನಿ ಅಷ್ಟು ಧೈರ್ಯವಾಗಿ ಮಾತನಾಡಲಾರದವನಾಗಿದ್ದ. ಆದರೆ ಅವನ ಆಸೆಗೂ ಆಧಾರವಿತ್ತು. ಎಲ್ಲರೂ ಮುನ್ನುಗ್ಗುವ ವ್ಯೂಹದಲ್ಲಿ ಬೆನ್ನ ಹಿಂದೆ ಬಯಲು ಉಳಿಯುತ್ತದೆ. ಆ ಬಯಲಿನಲ್ಲಿ ಚುರುಕು ಕಾಲಿನ ತರುಣನೊಬ್ಬ ಓಡಿದರೆ ತಡೆಯುವವರಾರು? ಸಿಕ್ಕಿಮಿನ ಭುಟಿಯಾ ಅಂತಹ ತರುಣ. ಮೇಲಾಗಿ ತಂಡದ ಶಿಕ್ಷಕರು ಪಿ. ಕೆ. ಬ್ಯಾನರ್ಜಿ, 1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರಾಗಿದ್ದವರು. ಆಟಗಾರರ ಮನಸ್ಸನ್ನು ಹುರಿದುಂಬಿಸುವ ಅವರ ಮಾತಿನ ಮದ್ದಿಗೆ ‘ವೋಕಲ್ ಟಾನಿಕ್’ ಎಂಬ ಹೆಸರೇ ಬಂದಿತ್ತು. 1975ರ ಷೀಲ್ಡ್ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಗಾನನ್ನು 5-0ರಿಂದ ಸೋಲಿಸಿದಾಗಲೂ ಅವರೇ ಶಿಕ್ಷಕರು. ವ್ಯೂಹ ದೊಡ್ಡದೋ, ಮನಸ್ಸು ದೊಡ್ಡದೋ? ಪಂದ್ಯದ ಮುನ್ನಾ ದಿನಗಳಲ್ಲಿ ಊರೆಲ್ಲ ಚರ್ಚಿಸಿದ ಪ್ರಶ್ನೆ ಇದೇ.

ಮನೆಗಳೊಳಗಿನ ಚರ್ಚೆ ಇನ್ನೂ ಸ್ವಾರಸ್ಯವಾದುದು. ಈಸ್ಟ್ ಬೆಂಗಾಲ್ ಗೆದ್ದರೆ ಅದರ ಪಕ್ಷದವರ ಅಡುಗೆಮನೆಯಲ್ಲಿ ಇಲಿಶ್ ಮೀನು. ಮೋಹನ್ ಬಗಾನ್ ಗೆದ್ದರೆ ಇವರ ಅಡುಗೆಮನೆಯಲ್ಲಿ ಸೀಗಡಿ. ಪಂದ್ಯದ ಮರುದಿನ ಮಾರುಕಟ್ಟೆಯಲ್ಲಿ ಯಾವುದರ ಬೆಲೆ ಏರಿದೆಯೆಂದು ಕೇಳಿದರೆ ಸಾಕು, ಗೆದ್ದವರಾರೆಂದು ತಿಳಿಯುತ್ತದೆಂದು ಕಲ್ಕತ್ತೆಯವರು ನಗೆಯಾಡುತ್ತಾರೆ. ಘೋಟಿ ಮನೆತನಕ್ಕೆ ಸೊಸೆಯಾಗಿ ಬಂದ ಬಾಂಗಾಲ್ ಹೆಣ್ಣುಮಗಳು ಅಂದು ಯಾವ ಪಕ್ಷ ವಹಿಸಬೇಕು? ತವರಿನ ಅಭಿಮಾನವನ್ನು ಮದುವೆಯ ಮಂಟಪದಲ್ಲಿ ಬಿಟ್ಟುಬಂದವರು ಅಪರೂಪ. ಪಂದ್ಯದ ದಿನ ಅತ್ತೆ ಸೊಸೆಯರ ನಡುವೆ ಮಾತು ಬಿಗಿಯಾದರೆ ಯಾರೂ ಬೆರಗಾಗುವುದಿಲ್ಲ. ಸಂಜೆಗೆ ಸೋತವರ ತಟ್ಟೆಗೂ ಗೆದ್ದವರ ಮೀನು ಬೀಳುವುದುಂಟು. ಸೋಮವಾರ ಕಚೇರಿಯಲ್ಲಿ ಪಕ್ಕದ ಮೇಜಿನವನನ್ನು ಎದುರಿಸುವುದು ಮಾತ್ರ ಅಷ್ಟು ಸುಲಭವಲ್ಲ.

ಆದರೆ ಈ ಕಾತರಕ್ಕೆ ಕರಾಳವಾದ ಮುಖವೂ ಇದೆ. 1975ರ ಆ ಐದು ಗೋಲುಗಳ ಸೋಲನ್ನು ತಾಳಲಾರದೆ ತರುಣ ಅಭಿಮಾನಿಯೊಬ್ಬ ತನ್ನ ಪ್ರಾಣವನ್ನೇ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಎದ್ದ ಗಲಭೆ, ನೂಕುನುಗ್ಗಲುಗಳಲ್ಲಿ 16 ಮಂದಿ ಪ್ರೇಕ್ಷಕರು ಅಸುನೀಗಿದರು. ಆಟ ನೋಡಲೆಂದು ಮನೆಯಿಂದ ಹೊರಟವರು ಅವರು. ಆದುದರಿಂದಲೇ ಇಂತಹ ಭಾನುವಾರಗಳಲ್ಲಿ ಕಲ್ಕತ್ತೆಯ ತಾಯಂದಿರು ಮಕ್ಕಳನ್ನು ಕಳುಹಿಸುವಾಗ ಗೆದ್ದು ಬರಲಿ ಎನ್ನುವುದಕ್ಕಿಂತ ಸುಖವಾಗಿ ಬರಲಿ ಎಂದೇ ಹರಕೆ ಹೊರುವುದು.

ಅಂದು ಸಾಲ್ಟ್ ಲೇಕಿನಲ್ಲಿ ನೆರೆದ ಪ್ರೇಕ್ಷಕರ ಲೆಕ್ಕ 1,31,781. ವಜ್ರದ ವ್ಯೂಹ ಹೊಳೆಯಲಿಲ್ಲ. ಈಸ್ಟ್ ಬೆಂಗಾಲಿಗೆ ನಜೀಮುಲ್ ಹಕ್ ಮೊದಲ ಗೋಲನ್ನು ತಂದುಕೊಟ್ಟರು. ವಿರಾಮದ ನಂತರ ಭುಟಿಯಾ ಎರಡನೆಯದನ್ನು ಹೊಡೆದರು. ಚೀಮಾ ಒಂದನ್ನು ಹಿಂದಿರುಗಿಸಿ ಆಸೆ ಹುಟ್ಟಿಸಿದರೂ ಕೊನೆಯ ನಿಮಿಷಗಳಲ್ಲಿ ಭುಟಿಯಾ ಮತ್ತೆರಡು ಗೋಲುಗಳನ್ನು ಸೇರಿಸಿದರು. ಈಸ್ಟ್ ಬೆಂಗಾಲ್ 4, ಮೋಹನ್ ಬಗಾನ್ 1. ಹಾಸ್ಯಕ್ಕೆ ಗುರಿಯಾದ ತರುಣನೇ ಮೂರು ಗೋಲುಗಳ ಉತ್ತರ ಕೊಟ್ಟಿದ್ದ.

ಇಷ್ಟಾಗಿಯೂ ಆ ವರ್ಷದ ಕಪ್ಪು ಈಸ್ಟ್ ಬೆಂಗಾಲಿಗೆ ದೊರೆಯಲಿಲ್ಲ. ಅಂತಿಮ ಪಂದ್ಯದಲ್ಲಿ ಗೋವೆಯ ಸಾಲಗಾಂವ್ಕರ್ ತಂಡ ಅದನ್ನು ಸೋಲಿಸಿ ಕಪ್ಪನ್ನು ಹೊತ್ತೊಯ್ದಿತು. ಆದರೆ ಆ ಅಂತಿಮ ಪಂದ್ಯವನ್ನು ನೆನೆಯುವವರು ವಿರಳ. ಉಪಾಂತ್ಯದ ಮಾತನ್ನೆತ್ತಿದರೆ ಇಂದಿಗೂ ಹಿರಿಯರ ಕಣ್ಣು ಮಿನುಗುತ್ತದೆ. ಇಂಗ್ಲೆಂಡಿನಲ್ಲಿಯೂ ಇದೇ ಕಥೆ. 1993ರ ಏಪ್ರಿಲ್ ತಿಂಗಳಿನಲ್ಲಿ ಎಫ್.ಎ. ಕಪ್ಪಿನ ಎರಡು ಉಪಾಂತ್ಯಗಳೂ ನೆರೆಹೊರೆಯವರ ಕಾಳಗಗಳೇ ಆದವು: ಒಂದರಲ್ಲಿ ಉತ್ತರ ಲಂಡನ್ನಿನ ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್, ಇನ್ನೊಂದರಲ್ಲಿ ಉಕ್ಕಿನ ಊರಾದ ಷೆಫೀಲ್ಡಿನ ವೆನ್ಸ್‌ಡೇ ಮತ್ತು ಯುನೈಟೆಡ್. ವೆನ್ಸ್‌ಡೇ ತಂಡ ತನ್ನೂರಿನ ಎದುರಾಳಿಯನ್ನು 2-1ರಿಂದ ಗೆದ್ದಿತು. ಅಂತಿಮದಲ್ಲಿ ಆರ್ಸೆನಲ್ಲಿಗೆ ಸೋತಿತು. ಕಪ್ಪು ಲಂಡನ್ನಿಗೆ ಹೋಯಿತು; ಷೆಫೀಲ್ಡಿನ ಅರ್ಧ ಊರಿಗೆ ಹೇಳಿಕೊಳ್ಳಲು ಒಂದು ಗೆಲುವಂತೂ ಉಳಿಯಿತು.

ಬೆಳ್ಳಿಯ ಕಪ್ಪು ಒಂದು ವರ್ಷ ಒಬ್ಬರ ಕಪಾಟಿನಲ್ಲಿದ್ದು ಮರುವರ್ಷ ಇನ್ನೊಬ್ಬರ ಕಪಾಟಿಗೆ ಸಾಗುತ್ತದೆ. ನೆರೆಮನೆಯವನಾದರೋ ಅಲ್ಲಿಯೇ ಇರುತ್ತಾನೆ. ಅವನ ಎದುರಿನ ಗೆಲುವು ಸಿಹಿಯಾಗುವುದೂ, ಅವನ ಎದುರಿನ ಸೋಲು ಸುಡುವುದೂ ಅದಕ್ಕಾಗಿಯೇ. ಮುಂದಿನ ಉಪಾಂತ್ಯಕ್ಕೆ ಕಾಯುತ್ತಿರುವ ಅಭಿಮಾನಿ ತನ್ನ ತಂಡದ ಗೆಲುವನ್ನು ಮನಸಾರ ಹಾರೈಸಲಿ, ವ್ಯೂಹಗಳ ಲೆಕ್ಕ ಹಾಕಲಿ, ಪಂದ್ಯಕ್ಕೆ ಮೊದಲೇ ಮೀನನ್ನೂ ಗೊತ್ತುಮಾಡಲಿ. ಎದುರಾಳಿ ಇಲ್ಲದಿದ್ದರೆ ಆ ಭಾನುವಾರಕ್ಕೆ ಅರ್ಥವೇ ಇರುತ್ತಿರಲಿಲ್ಲವೆಂಬುದನ್ನು ಮಾತ್ರ ಮರೆಯದಿರಲಿ.