“ವಿಷಯವು ನ್ಯಾಯಾಲಯದಲ್ಲಿದೆ” ಎಂಬ ಉತ್ತರ ಸಾಕೆ?

ತಂದೆತಾಯಿಗಳು ಬೇರೆಬೇರೆಯಾಗಿ ಬಾಳುತ್ತಿದ್ದಾರೆ. ಮಗು ಯಾರ ಬಳಿ ಬೆಳೆಯಬೇಕೆಂಬ ದಾವೆ ಕುಟುಂಬ ನ್ಯಾಯಾಲಯದಲ್ಲಿದೆ. ಮಧ್ಯಂತರ ಆದೇಶದಂತೆ ಶನಿವಾರ ಒಬ್ಬರ ಮನೆಗೆ ಹೋದ ಮಗು ಭಾನುವಾರ ಸಂಜೆ ಹಿಂದಿರುಗಿದಾಗ ಬೆನ್ನ ಮೇಲೆ ಬಾಸುಂಡೆ ಎದ್ದಿದೆ. ಅಥವಾ ಬಾಸುಂಡೆಯೂ ಇಲ್ಲ. ಮಲಗುವ ಹೊತ್ತಿನಲ್ಲಿ ಮಗು ಆಡಿದ ಒಂದು ಮಾತು ಮಾತ್ರ ಇದೆ. ಆ ಮಾತನ್ನು ಹೊತ್ತು ಹೋದವರಿಗೆ ಠಾಣೆಯಲ್ಲಾಗಲಿ ಕಚೇರಿಯಲ್ಲಾಗಲಿ ಎಷ್ಟೋ ಸಲ ದೊರೆಯುವ ಉತ್ತರ, “ವಿಷಯವು ನ್ಯಾಯಾಲಯದಲ್ಲಿದೆ, ಅಲ್ಲಿಯೇ ಹೇಳಿಕೊಳ್ಳಿ” ಎಂಬುದು. ನಮ್ಮ ಸಮುದಾಯದ ಮನೆಗಳಲ್ಲಿಯೂ ಇಂಥ ದಾವೆಗಳು ಈಗ ಅಪರೂಪವಲ್ಲವಾದ್ದರಿಂದ, ಈ ಉತ್ತರವು ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದನ್ನು ಈ ವಾರ ವಿಚಾರಮಾಡಬಯಸುತ್ತೇವೆ.

ಸರಿಯಾದ ಭಾಗವನ್ನು ಮೊದಲು ಒಪ್ಪಿಕೊಳ್ಳೋಣ. ಕ್ರೈಸ್ತ ದಂಪತಿಗಳ ವಿಚ್ಛೇದನದ ದಾವೆಯಲ್ಲಿ ಮಕ್ಕಳ ಪಾಲನೆಯ ಬಗ್ಗೆ ಆದೇಶ ನೀಡುವ ಅಧಿಕಾರವನ್ನು 1869ರ ವಿಚ್ಛೇದನ ಕಾಯಿದೆಯು ನ್ಯಾಯಾಲಯಕ್ಕೆ ಕೊಟ್ಟಿದೆ. 1984ರ ಕಾಯಿದೆಯಂತೆ ಕುಟುಂಬ ನ್ಯಾಯಾಲಯವಿರುವ ಕಡೆ ಅದು ಆ ನ್ಯಾಯಾಲಯದ ಕೆಲಸ. ಪೊಲೀಸರಾಗಲಿ ಆಯೋಗವಾಗಲಿ ಆ ಆದೇಶವನ್ನು ಬದಲಿಸಲಾಗದು. ಬದಲಿಸುವಂತಿದ್ದರೆ, ನ್ಯಾಯಾಲಯದಲ್ಲಿ ಸೋತ ಪಕ್ಷವು ಮರುದಿನವೇ ಇನ್ನೊಂದು ಕಚೇರಿಯ ಮೆಟ್ಟಿಲು ಹತ್ತುತ್ತಿತ್ತು. ಧರ್ಮಸಭೆಯ ನ್ಯಾಯಮಂಡಳಿಯು ವಿವಾಹವನ್ನು ಅಸಿಂಧುವೆಂದು ಘೋಷಿಸಿದರೂ ಮಗುವಿನ ಪ್ರಶ್ನೆ ಇತ್ಯರ್ಥವಾಗದು. ಅಂಥ ಘೋಷಣೆಗೆ ದೇಶದ ಕಾನೂನಿನ ಮನ್ನಣೆ ಬೇಕೆಂದು ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಳ್ಳಿಹಾಕಿದುದು ಓದುಗರಿಗೆ ನೆನಪಿರಬಹುದು.

ಆದರೆ ಮಗು ಯಾರ ಬಳಿ ಇರಬೇಕೆಂಬುದು ಒಂದು ಪ್ರಶ್ನೆ. ಮಗುವಿಗೆ ಯಾರಾದರೂ ಕೇಡು ಮಾಡಿದ್ದಾರೆಯೇ ಎಂಬುದು ಬೇರೊಂದು ಪ್ರಶ್ನೆ. ಎರಡನೆಯದು ಮೊದಲನೆಯದರ ತೀರ್ಪಿಗಾಗಿ ಕಾಯಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಪ್ರಕರಣದಲ್ಲಿ ಪಾಲನೆಯ ದಾವೆ ಬಾಕಿ ಇರುವ ಮನೆಗಳಿಗೆಂದು ವಿನಾಯಿತಿ ಇಲ್ಲ. ಪೊಲೀಸರು ದೂರನ್ನು ದಾಖಲಿಸಿಕೊಂಡು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಇನ್ನು ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ 2005ರ ಕಾಯಿದೆಯನ್ನು ನೋಡಿದರೆ, ಅದರ 13ನೆಯ ಪ್ರಕರಣವು ಇನ್ನೊಂದು ಆಯೋಗದ ಮುಂದಿರುವ ವಿಷಯವನ್ನು ವಿಚಾರಿಸಬಾರದೆನ್ನುತ್ತದೆ. ನ್ಯಾಯಾಲಯದ ಹೆಸರನ್ನು ಅಲ್ಲಿ ಎತ್ತಿಲ್ಲ. ವಿಚಾರಿಸಿದರೂ ಆಯೋಗವು ಶಿಫಾರಸು ಮಾಡಬಲ್ಲದು, ಮೇಲಿನ ನ್ಯಾಯಾಲಯಗಳಿಗೆ ಹೋಗಬಲ್ಲದು, ಶಿಕ್ಷಿಸಲಾರದು.

ಮೇಲೆ ಹೇಳಿದ ಬಾಸುಂಡೆಯ ಮಗುವಿನ ಸ್ಥಿತಿ ಇನ್ನೂ ಕಷ್ಟದ್ದು. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸಿದವರಿಗೆ 2015ರ ಬಾಲನ್ಯಾಯ ಕಾಯಿದೆಯ 75ನೆಯ ಪ್ರಕರಣವು ಮೂರು ವರ್ಷಗಳವರೆಗೆ ಸೆರೆಮನೆಯನ್ನು ವಿಧಿಸುತ್ತದೆ. ಆದರೆ 2021ರ ತಿದ್ದುಪಡಿಯು, ಮೂರರಿಂದ ಏಳು ವರ್ಷಗಳ ಶಿಕ್ಷೆಯ ಅಪರಾಧಗಳನ್ನು ಅಸಂಜ್ಞೇಯವೆಂದು ಮಾಡಿಬಿಟ್ಟಿತು. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ಇಂಥ ಅಪರಾಧದ ತನಿಖೆಗೆ ಇಳಿಯುವಂತಿಲ್ಲವೆಂದು ಇದರ ಅರ್ಥ. ಏಳೆಂಟು ವರ್ಷದ ಮಗುವಿನ ಪರವಾಗಿ ಆ ಅಪ್ಪಣೆಯನ್ನು ಬೇಡಲು ಹೋಗುವವರು ಯಾರು? ಸಾಮಾನ್ಯವಾಗಿ ತಾಯಿ ಅಥವಾ ತಂದೆ, ಅಂದರೆ ದಾವೆಯ ಒಂದು ಪಕ್ಷ. ಆ ಅರ್ಜಿಯನ್ನು ಯಾವ ದೃಷ್ಟಿಯಿಂದ ನೋಡಲಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ತಿದ್ದುಪಡಿಯು ಮಕ್ಕಳಿಗೆ ಮಾಡಿದ ಅನ್ಯಾಯವೆಂದೇ ನಾವು ಭಾವಿಸುತ್ತೇವೆ.

ಸಂಶಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಗಂಡನನ್ನೋ ಹೆಂಡತಿಯನ್ನೋ ಸೋಲಿಸಲು ಮಗುವಿನ ಬಾಯಲ್ಲಿ ಮಾತು ತುರುಕುವವರೂ ಇದ್ದಾರೆ. ಅಂಥ ಒಂದೊಂದು ದೂರೂ ಮುಂದೆ ಬರುವ ನಿಜವಾದ ದೂರಿನ ಬಾಗಿಲನ್ನು ಮುಚ್ಚುತ್ತದೆ. ಕೆಡುಕಿನ ಉದ್ದೇಶದಿಂದ ಸುಳ್ಳು ದೂರು ಕೊಟ್ಟವರಿಗೆ ಪೋಕ್ಸೊ ಕಾಯಿದೆಯ 22ನೆಯ ಪ್ರಕರಣದಲ್ಲಿ ಆರು ತಿಂಗಳವರೆಗೆ ಶಿಕ್ಷೆಯುಂಟು. ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಆದರೆ ಪೊಲೀಸರು ‘ಬಿ’ ರಿಪೋರ್ಟ್ ಸಲ್ಲಿಸಿದೊಡನೆ ದೂರು ಸುಳ್ಳೆಂದು ಸಾಬೀತಾಯಿತೆಂದು ಎದುರುಪಕ್ಷದವರು ಹೇಳಿಕೊಂಡು ತಿರುಗುವುದು ಸಲ್ಲದು. ಅಪರಾಧವನ್ನು ಸಾಬೀತುಪಡಿಸಲು ಸಾಕ್ಷ್ಯ ಸಾಲದೆಂಬುದೂ ಮಗುವಿಗೆ ಆ ಮನೆಯಲ್ಲಿ ಭಯವಿಲ್ಲವೆಂಬುದೂ ಒಂದೇ ಅಲ್ಲ.

ಲೋಪವಿರುವುದು ಇನ್ನೊಂದೆಡೆ. ಪೊಲೀಸರ ವರದಿ ಸಮಿತಿಗೆ ಹೋಗಬೇಕು, ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು; ಮಗುವಿನ ಶನಿವಾರ ಭಾನುವಾರಗಳನ್ನು ನಿರ್ಧರಿಸುವ ಕುಟುಂಬ ನ್ಯಾಯಾಲಯಕ್ಕೆ ಹೋಗಬೇಕೆಂದು 19ನೆಯ ಪ್ರಕರಣ ಹೇಳುವುದಿಲ್ಲ. ಪಕ್ಷಗಳಲ್ಲಿ ಒಂದು ಬಯಸಿದರೂ ಕುಟುಂಬ ನ್ಯಾಯಾಲಯದ ನಡವಳಿ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಅದು ಮಗುವಿನ ಮಾನಕ್ಕೆ ಒಳ್ಳೆಯದೇ. ಆದರೆ ಹೀಗೆ ಒಂದೇ ಮಗುವಿನ ಕಥೆ ಎರಡು ಕಡತಗಳಾಗಿ ಸೀಳಿಹೋಗಬಹುದು. ದೂರನ್ನು ಪಡೆದ ಕಚೇರಿಯು “ಅಲ್ಲಿಗೆ ಹೋಗಿ” ಎನ್ನುವ ಬದಲು ತಾನೇ ಅದರ ಪ್ರತಿಯನ್ನು ಕುಟುಂಬ ನ್ಯಾಯಾಲಯಕ್ಕೆ ಕಳುಹಿಸಬೇಕೆಂದು ನಿಯಮವಾಗಲಿ. ವೈದ್ಯರ ಮತ್ತು ಕಲ್ಯಾಣ ತಜ್ಞರ ನೆರವು ಪಡೆಯುವ ಅಧಿಕಾರ 12ನೆಯ ಪ್ರಕರಣದಂತೆ ಆ ನ್ಯಾಯಾಲಯಕ್ಕೆ ಇದ್ದೇ ಇದೆ. ಮಗುವಿನ ಮುಂದಿನ ಭೇಟಿಗೆ ಮುನ್ನವೇ ಅದನ್ನು ಬಳಸಲಿ.

ನಮ್ಮವರಿಗೂ ಒಂದು ಮಾತು. ಇಂಥ ಸಂಗತಿಯನ್ನು ವಾರ್ಡಿನ ಗುರಿಕಾರರ ಬಳಿಯೋ ಧರ್ಮಗುರುಗಳ ಬಳಿಯೋ ಒಯ್ದು, ಮರ್ಯಾದೆಯ ಹೆಸರಿನಲ್ಲಿ ರಾಜಿ ಮಾಡಿಸುವ ರೂಢಿ ಇನ್ನೂ ಅಳಿದಿಲ್ಲ. ಲೈಂಗಿಕ ಕಿರುಕುಳದ ವಿಷಯ ತಿಳಿದೂ ವರದಿ ಮಾಡದ ವಯಸ್ಕರು, ಅಜ್ಜಿಯಾಗಿರಲಿ ಶಿಕ್ಷಕರಾಗಿರಲಿ ಗುರಿಕಾರರಾಗಿರಲಿ, 21ನೆಯ ಪ್ರಕರಣದಂತೆ ಶಿಕ್ಷಾರ್ಹರು. ಮಗು ಹೇಳಿದುದನ್ನು ಅದರದೇ ಮಾತುಗಳಲ್ಲಿ, ದಿನಾಂಕ ಸಹಿತ, ಅಂದು ರಾತ್ರಿಯೇ ಬರೆದಿಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಹೇಳಿಕೆ ಪಡೆಯುವಾಗ ತಂದೆತಾಯಿಗಳೇ ಇರಬೇಕೆಂದಿಲ್ಲ, ಮಗುವಿಗೆ ನಂಬಿಕೆಯಿರುವ ಬೇರೊಬ್ಬರೂ ಜೊತೆಗಿರಬಹುದೆಂದು 26ನೆಯ ಪ್ರಕರಣ ಹೇಳುತ್ತದೆ. ದಾವೆಯ ಯಾವ ಪಕ್ಷಕ್ಕೂ ಸೇರದ ಚಿಕ್ಕಮ್ಮನೋ ಶಿಕ್ಷಕಿಯೋ ಆ ದಿನ ಬಿಡುವು ಮಾಡಿಕೊಂಡು ಮಗುವಿನೊಡನೆ ಹೋಗಲಿ.