ಗುಬ್ಬಿಯ ದನಿ ಮತ್ತು ರಾಜಧಾನಿಯ ಕನ್ನಡಿಗರು

2010ರಲ್ಲಿ ಶ್ರೀಮತಿ ಬಿ. ಜಯಶ್ರೀಯವರು ರಾಜ್ಯಸಭೆಗೆ ನಾಮನಿರ್ದೇಶನಗೊಂಡಾಗ ದೆಹಲಿಯ ಕನ್ನಡಿಗರು ಸಹಜವಾಗಿಯೇ ಹರ್ಷಪಟ್ಟರು. ಆದರೆ ನನ್ನ ಪರಿಚಿತರಲ್ಲೇ ಹಲವರು ಆಗ ಕೇಳಿದ ಮೊದಲ ಪ್ರಶ್ನೆ, ‘ಇವರು ಯಾವ ಸಿನಿಮಾದಲ್ಲಿ ಮಾಡಿದ್ದಾರೆ?’ ಎಂಬುದು. ಪ್ರಶ್ನೆಯಲ್ಲಿ ಅಪರಾಧವೇನೂ ಇಲ್ಲ. ಆದರೂ ಹೊರನಾಡಿನ ನಾವು ಕನ್ನಡ ಸಂಸ್ಕೃತಿಯನ್ನು ಯಾವ ಕಿಂಡಿಯಿಂದ ನೋಡುತ್ತೇವೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಜಯಶ್ರೀಯವರು ಹುಟ್ಟಿದ್ದು 1950ರಲ್ಲಿ. ಗುಬ್ಬಿ ವೀರಣ್ಣನವರ ಮಗಳು ಮಾಲತಮ್ಮನವರ ಮಗಳಾಗಿ. 1884ರಲ್ಲಿ ಆರಂಭವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಮಂಡಳಿಯು ವೀರಣ್ಣನವರ ಕೈಯಲ್ಲಿ ಒಂದು ಸಂಸ್ಥಾನವೇ ಆಗಿ ಬೆಳೆದುದನ್ನು ಹಿರಿಯ ಓದುಗರು ಬಲ್ಲರು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದ ಕಥೆಯನ್ನು ನಮ್ಮ ತಂದೆ ತಾಯಿಗಳ ಬಾಯಲ್ಲಿ ಕೇಳದವರು ಯಾರು? ಸಿನಿಮಾದ ಮಾತನ್ನೇ ಎತ್ತುವುದಾದರೂ, 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಇದ್ದುದು ಇದೇ ಗುಬ್ಬಿಯ ಮನೆ. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮೂವರೂ ಆ ಕಂಪನಿಯ ಅನ್ನ ಉಂಡವರು. ಹೀಗಿರುವಾಗ ರಂಗಭೂಮಿಯವರನ್ನು ಚಿತ್ರಪಟ್ಟಿಯಿಂದ ಅಳೆಯುವುದು ಅಜ್ಜನ ಪರಿಚಯವನ್ನು ಮೊಮ್ಮಗನ ಮೂಲಕ ಕೇಳಿದಂತೆ.

ಈ ಕಂಪನಿ ಮನೆಯ ಹುಡುಗಿ ನಮ್ಮ ಊರಿಗೇ ಬಂದು ಕಲಿತಳೆಂಬುದು ನನಗೆ ಮುಖ್ಯವೆನಿಸುವ ಸಂಗತಿ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅದು ಇಬ್ರಾಹಿಂ ಅಲ್ಕಾಜಿಯವರ ಕಾಲ. 1962ರಿಂದ 1977ರವರೆಗೆ ಅವರು ಆ ಶಾಲೆಯನ್ನು ನಡೆಸಿದರು. ಅಲ್ಲಿ ಬೆಳಕು, ಉಡುಪು, ನಿಲುವು, ಸಮಯಪಾಲನೆ ಎಲ್ಲಕ್ಕೂ ಕಟ್ಟುನಿಟ್ಟು. ಕನ್ನಡದವರಿಗೆ ಆ ಬಾಗಿಲು ಹೊಸದೇನೂ ಅಲ್ಲ. ಬಾಲಕನಾಗಿ ಗುಬ್ಬಿ ಕಂಪನಿ ಸೇರಿದ್ದ ಬಿ. ವಿ. ಕಾರಂತರನ್ನು ಓದಲೆಂದು ಕಾಶಿಗೆ ಕಳುಹಿಸಿದವರೇ ವೀರಣ್ಣನವರು. ಕಾರಂತರು ಅಲ್ಲಿಂದ ದೆಹಲಿಯ ಈ ಶಾಲೆಗೆ ಬಂದರು, ಮುಂದೆ ಅಲ್ಕಾಜಿಯವರ ತರುವಾಯ ಅದರ ನಿರ್ದೇಶಕರೂ ಆದರು. ಕಾರ್ನಾಡರ ‘ತುಘಲಕ್’ ಹಿಂದುಸ್ತಾನಿಗೆ ಬಂದುದೂ ಕಾರಂತರಿಂದಲೇ.

ಆದರೆ ಆ ದಿನಗಳ ವಿದ್ಯಾವಂತರ ದೃಷ್ಟಿಯಲ್ಲಿ ಕಂಪನಿ ನಾಟಕವೆಂದರೆ ಅಬ್ಬರ, ಕಿರುಚಾಟ, ಥಳಕಿನ ಪರದೆ. ಆಧುನಿಕ ಶಿಕ್ಷಣ ಪಡೆದವರು ಅದರಿಂದ ದೂರ ಸರಿಯುವುದೇ ಮರ್ಯಾದೆ ಎಂದು ಭಾವಿಸಿದ್ದರು. ಜಯಶ್ರೀಯವರು 1973ರಲ್ಲಿ ಪದವಿ ಪಡೆದು ಹೊರಬಂದರು; ಅದರ ಹಿಂದಿನ ವರ್ಷವಷ್ಟೇ ವೀರಣ್ಣನವರು ತೀರಿಕೊಂಡಿದ್ದರು. ಅವರು ಬೆಂಗಳೂರಿಗೆ ಮರಳಿ 1976ರಲ್ಲಿ ‘ಸ್ಪಂದನ’ವನ್ನು ಕಟ್ಟಿದರು. ದೆಹಲಿಯಿಂದ ಅವರು ಒಯ್ದದ್ದು ಶಿಸ್ತನ್ನು, ದನಿಯನ್ನಲ್ಲ. ದನಿ ಗುಬ್ಬಿಯದೇ ಆಗಿ ಉಳಿಯಿತು. ಅವರ ಸಾಧನೆಯ ತಿರುಳು ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ.

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯನ್ನೇ ನೋಡಿ. ಅದರ ಕಳ್ಳನ ಪಾತ್ರ ವೀರಣ್ಣನವರಿಗೆ ನಾಡಿನಾದ್ಯಂತ ಹೆಸರು ತಂದುಕೊಟ್ಟ ಪಾತ್ರ. ಮೊಮ್ಮಗಳು ಅದೇ ನಾಟಕವನ್ನು ಸ್ಪಂದನದ ಮೂಲಕ ಮತ್ತೆ ರಂಗಕ್ಕೆ ತಂದು, ಅಜ್ಜ ಮಾಡಿದ ಅದೇ ಕಳ್ಳನಾಗಿ ನಿಂತರು. ಹೆಣ್ಣೊಬ್ಬಳು ಗಂಡುವೇಷ ಹಾಕಿದ್ದೇ ದೊಡ್ಡದೆಂದು ನಾನು ಹೇಳುತ್ತಿಲ್ಲ. ಆ ಪಾತ್ರಕ್ಕೆ ಹಾಡು ಬೇಕು, ಹಾಡಿನ ನಡುವೆ ಮಾತು ಬೇಕು, ಮಾತಿನ ನಡುವೆ ಪ್ರೇಕ್ಷಕರತ್ತ ತಿರುಗಿ ಎಸೆಯುವ ಚಟಾಕಿ ಬೇಕು. ಎಲ್ಲವೂ ತೂಕ ತಪ್ಪದಂತೆ ಬರಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳಿಸಬೇಕಾಗಿದ್ದ ಕಂಠದ ವಿದ್ಯೆ ಅದು; ಅಬ್ಬರವೆಂದು ನಾವು ತಳ್ಳಿಹಾಕಿದ್ದು ವಾಸ್ತವವಾಗಿ ಉಸಿರಿನ ಲೆಕ್ಕಾಚಾರ. ಕಂಬಾರರ ಕಾದಂಬರಿ ‘ಕರಿಮಾಯಿ’ಯನ್ನು ರಂಗಕ್ಕೆ ತಂದಾಗಲೂ, ‘ಲಕ್ಷಾಪತಿ ರಾಜನ ಕಥೆ’ಯಲ್ಲೂ ಜಯಶ್ರೀಯವರು ಜಾನಪದವನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ.

ಬೆಳ್ಳಿತೆರೆ ಅವರನ್ನು ಮಿತವಾಗಿಯೇ ಬಳಸಿಕೊಂಡಿತು. 1994ರ ‘ಕೊಟ್ರೇಶಿ ಕನಸು’, 1997ರಲ್ಲಿ ನಾಗಾಭರಣರ ‘ನಾಗಮಂಡಲ’. ಈ ಎರಡನೆಯದರಲ್ಲಿ ಅವರ ಕುರುಡವ್ವನನ್ನು ನೋಡಿದವರು ಮರೆಯಲಾರರು. ಇತರ ನಟಿಯರಿಗೆ ಕಂಠದಾನವನ್ನೂ ಮಾಡಿದ್ದಾರೆ. ಅಂದರೆ ಹೆಸರು ತಿಳಿಯದೆಯೇ ನಮ್ಮಲ್ಲಿ ಬಹುಮಂದಿ ಅವರ ದನಿಯನ್ನು ಕೇಳಿದ್ದೇವೆ. ಪದ್ಮಶ್ರೀ (2013) ಮೊದಲಾದ ಗೌರವಗಳ ಪಟ್ಟಿಯನ್ನು ಇಲ್ಲಿ ಬೆಳೆಸುವುದಿಲ್ಲ. ಅಭಿನಂದನಾ ಪತ್ರಗಳಲ್ಲಿ ಅವು ಹೇಗೂ ಇರುತ್ತವೆ.

ಇನ್ನು ನಮ್ಮ ವಿಷಯ. ಆರು ವರ್ಷ ಸಂಸತ್ತಿನ ಸದಸ್ಯೆಯಾಗಿ ಈ ಕಲಾವಿದೆ 2016ರವರೆಗೆ ರಾಜಧಾನಿಗೆ ಬಂದು ಹೋಗುತ್ತಿದ್ದರು. ಹೊರನಾಡಿನ ಸಂಘಗಳು ಅವರಿಂದ ಪಡೆದದ್ದೇನು? ಹಾರ, ಶಾಲು, ದೀಪ ಬೆಳಗುವಿಕೆ, ಛಾಯಾಚಿತ್ರ. ಒಂದು ವಾರ ನಮ್ಮ ಮಕ್ಕಳಿಗೆ ಮಾತು ಕಲಿಸಿಕೊಡಿ ಎಂದು ಕೇಳಿದವರು ಎಷ್ಟು ಮಂದಿ? ರಾಜ್ಯೋತ್ಸವ ಬಂದರೆ ಬೆಂಗಳೂರಿನಿಂದ ವಾದ್ಯವೃಂದಕ್ಕೆ ವಿಮಾನದ ಟಿಕೆಟ್ ಹೋಗುತ್ತದೆ. ನಾಟಕವೆಂದರೆ ಮಾತ್ರ ಖಜಾಂಚಿಗಳ ಮುಖ ಗಂಭೀರವಾಗುತ್ತದೆ.

ರೋಹಿಣಿಯಂಥ ಬಡಾವಣೆಯಲ್ಲಿ ವಾಸಿಸುವವರಿಗೆ ಇದರ ನಷ್ಟ ಬೇಗ ಅರಿವಿಗೆ ಬರುತ್ತದೆ. ಇಲ್ಲಿ ಕನ್ನಡದ ಮನೆಗಳು ಒಂದು ಸೆಕ್ಟರಿಗೆ ಒಂದೋ ಎರಡೋ ಎಂಬಂತೆ ಚದುರಿವೆ. ಮಕ್ಕಳಿಗೆ ಕನ್ನಡ ಕಿವಿಯಲ್ಲಿದೆ, ಅರ್ಧ ಬಾಯಲ್ಲಿದೆ, ಅಕ್ಷರದಲ್ಲಂತೂ ಇಲ್ಲವೇ ಇಲ್ಲ. ಭಾನುವಾರದ ಅಕ್ಷರಮಾಲೆಯ ತರಗತಿಗಳು ಮೂರನೆಯ ವಾರಕ್ಕೆ ಸೊರಗುವುದನ್ನು ಬಲ್ಲೆವು. ಹಿಂದಿಯಲ್ಲಿ ಹ್ರಸ್ವ ಎ, ಒಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ಹೀಗಾಗಿ ನಮ್ಮ ಹುಡುಗರ ಬಾಯಲ್ಲಿ ‘ಕೊಡು’ ಹೋಗಿ ‘ಕೋಡು’ ಆಗುತ್ತದೆ, ‘ಹಳ್ಳಿ’ಗೆ ಹೋಗಬೇಕಾದವರು ‘ಹಲ್ಲಿ’ಗೆ ಹೋಗುತ್ತಾರೆ. ಮನೆಯಲ್ಲಿ ತಿದ್ದಿದರೆ ಸಿಡಿಮಿಡಿ. ರಂಗದ ಮೇಲೆ ಅದೇ ತಪ್ಪಿಗೆ ಸಭೆ ನಕ್ಕರೆ ಮರುದಿನವೇ ನಾಲಗೆ ತಿರುಗುತ್ತದೆ. ಗುಬ್ಬಿಯಂಥ ಕಂಪನಿಗಳಲ್ಲಿ ಓದುಬರಹವಿಲ್ಲದ ನಟರು ಕೇಳಿ ಕೇಳಿಯೇ ಇಡೀ ನಾಟಕವನ್ನು ಬಾಯಿಪಾಠ ಮಾಡುತ್ತಿದ್ದರು. ನಮ್ಮ ಮಕ್ಕಳ ಸ್ಥಿತಿಯೂ ಈಗ ಅದೇ. ಮಾತುಗಳನ್ನು ಮೊದಲಿಗೆ ನಾಗರಿ ಲಿಪಿಯಲ್ಲೇ ಬರೆದುಕೊಳ್ಳಲಿ, ಅದಕ್ಕೆ ಮೂಗು ಮುರಿಯಬೇಕಾಗಿಲ್ಲ.

ದೂರದ ನೆಪವೂ ಈಗ ಹಳೆಯದು. ರೋಹಿಣಿಯಲ್ಲಿ ಮೆಟ್ರೋ ಹತ್ತಿ ಕಾಶ್ಮೀರಿ ಗೇಟಿನಲ್ಲಿ ಗಾಡಿ ಬದಲಿಸಿದರೆ ಮಂಡಿ ಹೌಸ್, ಅಂದರೆ ನಾಟಕ ಶಾಲೆಯ ಹೊಸ್ತಿಲು. 1999ರಲ್ಲಿ ಆರಂಭವಾದ ಭಾರತ ರಂಗ ಮಹೋತ್ಸವಕ್ಕೆ ಕನ್ನಡ ನಾಟಕಗಳು ಬಂದು ಹೋಗಿವೆ. ಸಭಾಂಗಣದಲ್ಲಿ ನಮ್ಮವರನ್ನು ಹುಡುಕಬೇಕಾಗುತ್ತದೆ.

ವಾದ್ಯವೃಂದ ಬೇಡವೆನ್ನುವಷ್ಟು ಶುಷ್ಕ ಮನುಷ್ಯ ನಾನಲ್ಲ. ಹಿರಿಯರಿಗೆ ಹಳೆಯ ಚಿತ್ರಗೀತೆ ಬೇಕು, ನನಗೂ ಬೇಕು. ಒಂದು ವರ್ಷ ಬಿಟ್ಟು ಒಂದು ವರ್ಷ ಆ ಹಣದಲ್ಲಿ, ಕರ್ನಾಟಕದಿಂದ ಈ ಶಾಲೆಗೆ ಬಂದು ಕಲಿತವರೊಬ್ಬರನ್ನು ಬೇಸಿಗೆ ರಜೆಯಲ್ಲಿ ಮೂರು ವಾರ ಕರೆಸೋಣ ಎಂಬುದಷ್ಟೇ ನನ್ನ ಸೂಚನೆ. ಬಡಾವಣೆಯ ಸಮುದಾಯ ಭವನ ಸಾಕು, ಪರದೆ ಬೇಡ. ‘ಸದಾರಮೆ’ಯ ಕಳ್ಳನ ಪ್ರವೇಶದಿಂದಲೇ ತೊಡಗಬಹುದು. ಕಳ್ಳನ ಪಾತ್ರಕ್ಕಾಗಿ ಮಕ್ಕಳಲ್ಲಿ ಜಗಳವಾಗುವುದು ಖಂಡಿತ, ಆ ಜಗಳ ಹಿಂದಿಯಲ್ಲೇ ನಡೆದರೂ ಮೊದಲ ವರ್ಷ ಸಹಿಸಿಕೊಳ್ಳೋಣ.