ವೇಗಮಿತಿಯ ಫಲಕವೂ ಪೋಲೀಸರ ಮೌನವೂ

ಹೆದ್ದಾರಿಗಳ ಬದಿಯಲ್ಲಿ ನೆಟ್ಟಿರುವ ವೇಗಮಿತಿಯ ಫಲಕಗಳನ್ನು ಓದುವವರು ಯಾರಾದರೂ ಇರುವರೇ ಎಂಬ ಸಂದೇಹವು, ರಾತ್ರಿ ಹನ್ನೊಂದು ಗಂಟೆಯ ಅನಂತರ ರಸ್ತೆ ದಾಟಬೇಕಾದ ಪ್ರತಿಯೊಬ್ಬನಿಗೂ ಉಂಟಾಗುತ್ತದೆ. ಹೋಟೆಲಿನ ಬಾಗಿಲು ಹಾಕಿ, ಪಾತ್ರೆಗಳನ್ನು ತೊಳೆದಿಟ್ಟು, ಕೊನೆಯ ಲೋಕಲ್ ಗಾಡಿಗಾಗಿ ಧಾವಿಸುವ ನಮ್ಮ ಜನರಿಗೆ ಇದು ದಿನನಿತ್ಯದ ಅನುಭವ. ಫಲಕದ ಮೇಲೆ ಒಂದು ಅಂಕೆ, ರಸ್ತೆಯ ಮೇಲೆ ಇನ್ನೊಂದು. ಇವೆರಡರ ನಡುವೆ ನಿಂತಿರುವ ಪೋಲೀಸರು ಶಿರಸ್ತ್ರಾಣವಿಲ್ಲದವನನ್ನು ತಡೆಯುತ್ತಾರೆ, ಏಕಮುಖ ರಸ್ತೆಯಲ್ಲಿ ಎದುರು ಬಂದವನನ್ನು ಹಿಡಿಯುತ್ತಾರೆ. ಆದರೆ ಕಣ್ಣೆದುರಿಗೇ ಮಿಂಚಿನಂತೆ ಹಾದುಹೋದ ಮೋಟಾರನ್ನು ಕಂಡೂ ಕಾಣದಂತಿರುತ್ತಾರೆ. ಇದೇಕೆ ಹೀಗೆ? ಲಂಚ, ಆಲಸ್ಯ ಎಂಬ ಎರಡು ಮಾತುಗಳಲ್ಲಿ ಉತ್ತರ ಹೇಳಿ ಮುಗಿಸುವವರು ಬಹಳ ಮಂದಿ. ಅವೆರಡೂ ಇಲ್ಲವೆನ್ನುವ ಧೈರ್ಯ ನಮಗಿಲ್ಲ. ಆದರೆ ಅಷ್ಟರಿಂದಲೇ ವಿಷಯವು ಇತ್ಯರ್ಥವಾಗುವುದೂ ಇಲ್ಲ.

ಇದು ಅಲ್ಪ ವಿಷಯವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ನೆಯ ಇಸವಿಯಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು. ದ್ವಿಚಕ್ರ ವಾಹನದಲ್ಲಿದ್ದವರು ಎಲ್ಲರಿಗಿಂತ ಹೆಚ್ಚು, ಶೇಕಡ 44ಕ್ಕೂ ಮಿಕ್ಕಿ. ಒಟ್ಟು ಸಾವುಗಳಲ್ಲಿ ಶೇಕಡ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಆ ವರದಿಯು ಹೇಳುತ್ತದೆ. ಈ ಕೊನೆಯ ಅಂಕೆಯನ್ನು ಮಾತ್ರ ಸ್ವಲ್ಪ ಎಚ್ಚರಿಕೆಯಿಂದಲೇ ಓದಬೇಕು. ಅಪಘಾತದ ಕಾರಣವನ್ನು ಬರೆಯುವವರು ಸ್ಥಳೀಯ ಠಾಣೆಯವರು. ದೀಪವಿಲ್ಲದ ತಿರುವು, ಕಿತ್ತುಹೋದ ರಸ್ತೆ, ದಣಿದ ಚಾಲಕ, ಇವೆಲ್ಲವೂ ಅತಿವೇಗದ ಕಲಮಿನೊಳಗೇ ಸೇರಿಹೋಗುವುದು ಸುಲಭ. ಆದರೂ ಒಂದು ವೈಚಿತ್ರ್ಯವನ್ನು ಗಮನಿಸದಿರಲಾಗುವುದಿಲ್ಲ. ಸತ್ತ ಮೇಲೆ ವರದಿಯಲ್ಲಿ ಯಾವ ಇಲಾಖೆಯು ಅತಿವೇಗವೆಂದು ನಿಸ್ಸಂಕೋಚವಾಗಿ ಬರೆಯುತ್ತದೆಯೋ, ಅದೇ ಇಲಾಖೆಗೆ ಸಾಯುವುದಕ್ಕೆ ಮುಂಚೆ ಆ ಅತಿವೇಗವು ಕಾಣುವುದಿಲ್ಲ.

ಕಾಣುವುದಿಲ್ಲವೆಂಬುದು ಒಂದರ್ಥದಲ್ಲಿ ನಿಜವೂ ಹೌದು. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ವೇಗಕ್ಕೆ ಮಿತಿಯನ್ನು ವಿಧಿಸುತ್ತದೆ. ಮೀರಿದವನಿಗೆ ಶಿಕ್ಷೆಯು 183ನೆಯ ಕಲಮಿನಲ್ಲಿದೆ. ಆದರೆ ಅದೇ ಕಲಮಿನ ಒಂದು ಉಪಕಲಮಿನಂತೆ, ಈತನು ಮಿತಿಮೀರಿ ಓಡಿಸುತ್ತಿದ್ದನೆಂಬುದು ತನ್ನ ಅಭಿಪ್ರಾಯವೆಂದು ಒಬ್ಬನೇ ಸಾಕ್ಷಿಯು ನುಡಿದರೆ, ಅಷ್ಟರ ಮೇಲೆಯೇ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಂತ್ರದ ಅಳತೆಯು ಆಧಾರವಾಗಿರಬೇಕು. ಇದು ನ್ಯಾಯವಾದ ನಿಯಮವೇ. ಶಿರಸ್ತ್ರಾಣವಿಲ್ಲದ ತಲೆಯು ಬರಿಗಣ್ಣಿಗೆ ಕಾಣುತ್ತದೆ, ವೇಗವು ಕಾಣುವುದಿಲ್ಲ. ರಾಡಾರು ಯಂತ್ರವಿಲ್ಲದ ಪೇದೆಯು ಅತಿವೇಗದ ಮೊಕದ್ದಮೆಯನ್ನು ಹೂಡಿದರೆ ಅದು ನ್ಯಾಯಾಲಯದಲ್ಲಿ ನಿಲ್ಲುವಂತಹದಲ್ಲ. ಆ ಯಂತ್ರಗಳೋ ಎಲ್ಲ ಕಡೆಗೂ ಸಾಲುವಷ್ಟಿಲ್ಲ. ಇದ್ದವುಗಳ ಅಳತೆಯು ಸರಿಯಿದೆಯೆಂಬ ಭರವಸೆಯೂ ಬೇಕು. ಅಂಗಡಿಯ ತಕ್ಕಡಿಗೆ ಮುದ್ರೆ ಬೇಕೆಂಬ ನಿಯಮವು ನಮಗೆ ತಿಳಿದಿದೆ. ವೇಗವನ್ನಳೆಯುವ ಯಂತ್ರಕ್ಕೂ ಅಂತಹ ತಪಾಸಣೆ ಹಾಗೂ ಮುದ್ರೆ ಕಡ್ಡಾಯವೆಂಬ ನಿಯಮವು ಜಾರಿಗೆ ಬಂದದ್ದು 2025ರ ಜುಲೈಯಲ್ಲಿ.

ಯಂತ್ರವೂ ಇದೆ, ಪೋಲೀಸರೂ ಇದ್ದಾರೆಂದೇ ಇಟ್ಟುಕೊಳ್ಳೋಣ. ಆಗಲೂ ಮಿತಿಯು ಎಷ್ಟೆಂಬುದೇ ನಿಶ್ಚಿತವಾಗಿರಬೇಕಷ್ಟೆ? ದಿಲ್ಲಿಯಲ್ಲಿ 2019ರಲ್ಲಿ ನಡೆದ ಪ್ರಕರಣವು ಈ ವಿಷಯದಲ್ಲಿ ಬಹಳ ಬೋಧಪ್ರದವಾದುದು. ನಿಜಾಮುದ್ದೀನ್ ಸೇತುವೆಯಿಂದ ಗಾಜೀಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಫಲಕವು 70 ಎಂದು ಸಾರುತ್ತಿತ್ತು. ಕ್ಯಾಮೆರಾಗಳು ಮಾತ್ರ 60ಕ್ಕೇ ದಂಡ ಹಾಕುತ್ತಿದ್ದುವು. ಫಲಕವನ್ನು ನಂಬಿ ಓಡಿಸಿದವರಿಗೆಲ್ಲ ಚಲಾನು ಬಂದಿತು. ಕೊನೆಗೆ ಸುಮಾರು ಒಂದೂವರೆ ಲಕ್ಷ ಚಲಾನುಗಳನ್ನು ಪೋಲೀಸರು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ರಸ್ತೆಯು ಒಬ್ಬರದು, ಫಲಕವು ಇನ್ನೊಬ್ಬರದು, ದಂಡವು ಮತ್ತೊಬ್ಬರದು ಎಂದಾದರೆ ಆಗುವುದೇ ಹೀಗೆ. ಚೆನ್ನೈಯಲ್ಲಿ 2023ರ ಮಧ್ಯದಲ್ಲಿ ಹಗಲಿನ ವೇಗವನ್ನು 40ಕ್ಕೆ ಕಟ್ಟಿಹಾಕುವ ಯತ್ನಕ್ಕೆ ಎಷ್ಟು ಆಕ್ಷೇಪಗಳು ಬಂದುವೆಂದರೆ, ಅದೇ ವರ್ಷದ ನವೆಂಬರಿನಲ್ಲಿ ಲಘು ವಾಹನಗಳಿಗೆ 60 ಎಂದು ಹೊಸದಾಗಿ ಗೊತ್ತುಪಡಿಸಬೇಕಾಯಿತು. ಆರು ಪಥಗಳ ನೇರವಾದ ರಸ್ತೆಯನ್ನು ಕಟ್ಟಿ ಅದರ ಬದಿಯಲ್ಲಿ 40ರ ಫಲಕವನ್ನು ನೆಟ್ಟರೆ ಚಾಲಕನು ರಸ್ತೆಯ ಮಾತನ್ನು ಕೇಳುತ್ತಾನೆಯೇ ಹೊರತು ಫಲಕದ ಮಾತನ್ನಲ್ಲ. ನೂರರಲ್ಲಿ ತೊಂಬತ್ತು ಮಂದಿ ಮೀರುವ ಮಿತಿಯನ್ನು ಜಾರಿಗೆ ತರಹೊರಟ ಅಧಿಕಾರಿಯು, ತಾನು ಯಾರನ್ನು ಹಿಡಿಯಬೇಕೆಂಬುದನ್ನು ತಾನೇ ಆರಿಸಬೇಕಾಗುತ್ತದೆ. ಅಲ್ಲಿಂದಲೇ ರಿಯಾಯಿತಿಯು ಹುಟ್ಟುತ್ತದೆ. ಲಂಚಕ್ಕೆ ಎಡೆಯೂ ಅಲ್ಲಿಯೇ.

ಇನ್ನು ಸಂಚಾರ ಪೋಲೀಸರ ನಿತ್ಯಕರ್ಮವನ್ನು ನೋಡಿದರೆ, ಮೇಲಧಿಕಾರಿಗಳು ಅವರಿಂದ ಅಪೇಕ್ಷಿಸುವುದು ವಾಹನಗಳು ಎಲ್ಲಿಯೂ ನಿಲ್ಲದಿರಲೆಂಬುದನ್ನೇ. ದಟ್ಟಣೆಯಾಯಿತೆಂದರೆ ದೂರವಾಣಿ ಮೊಳಗುತ್ತದೆ. ವೇಗ ಹೆಚ್ಚಿತೆಂದು ದೂರುವವರಿಲ್ಲ. ದೇಹಬಲವೊಂದರಿಂದಲೇ ವೇಗದ ವಾಹನವನ್ನು ಅಡ್ಡಗಟ್ಟುವುದು ಪ್ರಾಣಾಪಾಯದ ಕೆಲಸ. ಮಂತ್ರಿಗಳ ಸವಾರಿ, ಮೆರವಣಿಗೆ, ಬಂದೋಬಸ್ತು, ಇವುಗಳಿಗೆ ಜನ ಹಂಚಿಹೋದ ಮೇಲೆ ರಾತ್ರಿಯ ಪಾಳಿಗೆ ಉಳಿಯುವವರು ಎಷ್ಟು ಮಂದಿ? ವಾಹನಗಳು ನಿಜವಾಗಿ ಹುಚ್ಚೆದ್ದು ಓಡುವುದು ಮಾತ್ರ ಆ ರಾತ್ರಿಯ ಹೊತ್ತಿನಲ್ಲಿಯೇ.

ದಂಡದ ಕಥೆಯೂ ಇದಕ್ಕಿಂತ ಭಿನ್ನವಾಗಿಲ್ಲ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ಅತಿವೇಗಕ್ಕೆ ಗರಿಷ್ಠ ದಂಡ 400 ರೂಪಾಯಿಗಳಾಗಿತ್ತು. ತಿದ್ದುಪಡಿಯು ಲಘು ವಾಹನಗಳಿಗೆ 1,000ದಿಂದ 2,000, ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿಗಳೆಂದು ವಿಧಿಸಿತು. ಅದು ಜಾರಿಗೆ ಬಂದ ತಿಂಗಳಲ್ಲಿಯೇ ಗುಜರಾತು, ಕರ್ನಾಟಕ ಮೊದಲಾದ ರಾಜ್ಯಗಳು ದಂಡಗಳನ್ನು ಇಳಿಸತೊಡಗಿದುವು. ಮಹಾರಾಷ್ಟ್ರವು ಹೊಸ ದಂಡಗಳನ್ನು 2021ರ ಡಿಸೆಂಬರಿನವರೆಗೂ ಜಾರಿಗೇ ತರಲಿಲ್ಲ. ಮತದಾರನೂ ವಾಹನದ ಒಡೆಯನೂ ಒಬ್ಬನೇ ಆದಾಗ ಸರಕಾರದ ಕೈ ನಡುಗುವುದು ಸಹಜವೇ. ಕ್ಯಾಮೆರಾದ ಚಲಾನುಗಳು ವರ್ಷಗಟ್ಟಲೆ ಬಾಕಿ ಬೀಳುತ್ತವೆ. ಬಾಕಿಯು ಬೆಟ್ಟವಾದೊಡನೆ ಸರಕಾರವೇ ಸೋಡಿಯನ್ನು ಸಾರುತ್ತದೆ. ತೆಲಂಗಾಣವು 2022ರಲ್ಲಿ ದ್ವಿಚಕ್ರ ವಾಹನಗಳಿಗೆ ಶೇಕಡ 75ರಷ್ಟು ದಂಡವನ್ನು ಬಿಟ್ಟಿತು. ಕರ್ನಾಟಕವು 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ಇಳಿಸಿತು, 2025ರಲ್ಲಿ ಪುನಃ ಇಳಿಸಿತು. ಬೊಕ್ಕಸಕ್ಕೆ ಕೋಟಿಗಟ್ಟಲೆ ಹಣ ಬಂದಿತು, ನಿಜ. ಆದರೆ ಚಲಾನು ಬಂದ ಮರುದಿನವೇ ಪೂರ್ತಿ ಹಣ ಕಟ್ಟಿದ ಗುಮಾಸ್ತನು ಮೂರ್ಖನಾದನು, ಕಟ್ಟದೆ ಕಾದವನು ಜಾಣನೆನಿಸಿದನು.

ಹಾಗಾದರೆ ಪೋಲೀಸರಿಂದ ಏನೂ ಆಗದೆಂದು ತಿಳಿಯಬೇಕೆ? ಹಾಗಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯು 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೊದಲ ಕೆಲವು ತಿಂಗಳಲ್ಲಿ ಸಾವಿನ ಸುದ್ದಿಯಿಲ್ಲದ ವಾರವೇ ವಿರಳವಾಗಿತ್ತು. ಆಗ ರಾಜ್ಯದ ಪೋಲೀಸರು ರಾಡಾರು ಯಂತ್ರಗಳನ್ನು ಹಿಡಿದು ರಸ್ತೆಗಿಳಿದರು, 100ರ ಮಿತಿಯನ್ನು ಗಟ್ಟಿಯಾಗಿ ಹಿಡಿದರು, ಮುಂದೆ ಕ್ಯಾಮೆರಾಗಳನ್ನೂ ಇರಿಸಿದರು. ಸಾವುಗಳು ಗಣನೀಯವಾಗಿ ಇಳಿದುವು. ಆಗಸ್ಟಿನಿಂದ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರಾಕ್ಟರುಗಳನ್ನು ಮುಖ್ಯ ಪಥದಿಂದ ದೂರವಿರಿಸಿದುದೂ ಇದಕ್ಕೆ ಕಾರಣವಾದೀತು. ಯಶಸ್ಸೆಲ್ಲವನ್ನೂ ರಾಡಾರಿಗೇ ಕೊಡಲಾಗದು. ಆದರೂ ಸರಕಾರದ ಗಮನ ಬಿದ್ದೆಡೆ ಚಾಲಕನ ಕಾಲು ಹಗುರವಾಗುವುದೆಂಬುದು ಸ್ಪಷ್ಟವಾಯಿತು. ಮುಂಬಯಿ-ಪುಣೆ ದ್ರುತಗತಿಮಾರ್ಗದಲ್ಲಿಯೂ 2024ರ ಜುಲೈಯಿಂದ ಕ್ಯಾಮೆರಾಗಳ ಸಾಲು ಕೆಲಸಮಾಡುತ್ತಿದೆ.

ಆದರೆ ಈ ಗಮನವೆಲ್ಲ ಸುಂಕ ತೆತ್ತು ಹೋಗುವ ಮಹಾಮಾರ್ಗಗಳ ಮೇಲೆಯೇ ಏಕೆ? ಕಾಯಿದೆಯ 136-ಎ ಕಲಮು ಹಾಗೂ 2021ರಲ್ಲಿ ಬಂದ 167-ಎ ನಿಯಮಗಳು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಮುಖ್ಯ ಕೂಡುರಸ್ತೆಗಳಲ್ಲಿಯೂ ಯಂತ್ರಗಳನ್ನು ಇಡಬೇಕೆನ್ನುತ್ತವೆ. ಇವನ್ನು ಜಾರಿಗೆ ತರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ರಾಜ್ಯಗಳಿಗೆ ಆಜ್ಞಾಪಿಸಬೇಕಾಗಿ ಬಂದಿತೆಂದರೆ, ಅವು ಎಷ್ಟರಮಟ್ಟಿಗೆ ಜಾರಿಯಲ್ಲಿದ್ದುವೆಂಬುದನ್ನು ಊಹಿಸಬಹುದು. 50ರ ಬದಲು 70ರಲ್ಲಿ ಓಡುವ ಕಾರಿನ ಹೊಡೆತದ ಶಕ್ತಿಯು ಹತ್ತಿರ ಹತ್ತಿರ ಇಮ್ಮಡಿಯಾಗಿರುತ್ತದೆ. ಒಳಗಿರುವವನಿಗೆ ಪಟ್ಟಿಯೂ ಗಾಳಿಚೀಲವೂ ಉಂಟು. ಹೊರಗೆ ನಡೆಯುವವನಿಗೆ ಮೈಮೇಲಿನ ಅಂಗಿಯೊಂದೇ.

ಇಷ್ಟೆಲ್ಲದರ ನಡುವೆ ಯಾರೂ ಎತ್ತದ ಮಾತೊಂದು 183ನೆಯ ಕಲಮಿನಲ್ಲಿಯೇ ಅಡಗಿದೆ. ಅತಿವೇಗದಿಂದ ಓಡಿಸಿದವನಿಗೆ ಮಾತ್ರವಲ್ಲ, ತನ್ನ ಕೆಲಸಗಾರನಿಂದ ಅಥವಾ ತನ್ನ ಹತೋಟಿಯಲ್ಲಿರುವವನಿಂದ ಹಾಗೆ ಓಡಿಸುವ ಧಣಿಗೂ ಅದೇ ದಂಡ. ಇನ್ನೂ ಮುಂದುವರಿದು ಕಾಯಿದೆಯು ಹೇಳುವುದೇನೆಂದರೆ: ಇಂತಿಷ್ಟು ಹೊತ್ತಿನೊಳಗೆ ಪ್ರಯಾಣವನ್ನು ಮುಗಿಸಬೇಕೆಂದು ವೇಳಾಪಟ್ಟಿಯನ್ನು ಪ್ರಕಟಿಸಿದ್ದರೆ ಅಥವಾ ಆಜ್ಞೆಯನ್ನಿತ್ತಿದ್ದರೆ, ಮಿತಿಯನ್ನು ಮೀರದೆ ಹಾಗೆ ಮುಗಿಸಲು ಸಾಧ್ಯವಿಲ್ಲವೆಂದು ನ್ಯಾಯಾಲಯಕ್ಕೆ ಕಂಡರೆ, ಆ ಪಟ್ಟಿಯೇ ಧಣಿಯ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ.

ಇದು ನಮ್ಮ ವಾಚಕರಿಗೆ ನೇರವಾಗಿ ಸಂಬಂಧಿಸಿದ ವಿಷಯ. ಮುಂಬಯಿಯಿಂದ ಮಂಗಳೂರು, ಉಡುಪಿ, ಹುಬ್ಬಳ್ಳಿಗಳಿಗೆ ಹೋಗುವ ಖಾಸಗಿ ರಾತ್ರಿಬಸ್ಸುಗಳು ಬೆಳಗಾಗುವ ಮುನ್ನ ಎಲ್ಲಿರಬೇಕೆಂದು ಗೊತ್ತುಮಾಡುವವನು ಚಾಲಕನಲ್ಲ. 2015ರ ಅಕ್ಟೋಬರಿನ ಅನಂತರ ತಯಾರಾದ ಬಸ್ಸುಗಳಲ್ಲಿ 80ಕ್ಕೆ ವೇಗವನ್ನು ತಡೆಯುವ ಸಾಧನವಿರಬೇಕೆಂಬುದು ನಿಯಮ. ಅದಕ್ಕೂ ಮೀರಿ ಬಸ್ಸು ಓಡುತ್ತಿದ್ದರೆ ಆ ಸಾಧನವನ್ನು ಕಳಚಿದವರು ಯಾರೆಂದು ಕೇಳಬೇಕಾದದ್ದು ಗ್ಯಾರೇಜಿನಲ್ಲಿ, ರಸ್ತೆಯಲ್ಲಲ್ಲ. ಹೋಟೆಲುಗಳ ಊಟದ ಪೊಟ್ಟಣಗಳನ್ನು ಮನೆಮನೆಗೆ ಒಯ್ಯುವ ಹುಡುಗರ ಸ್ಥಿತಿಯೂ ಇದೇ. ಅಡಿಗೆಯು ತಡವಾದರೂ ಗಿರಾಕಿಯ ಮುನಿಸು ಅವರಿಗೇ. ಕಳೆದ ನಿಮಿಷಗಳನ್ನು ರಸ್ತೆಯಲ್ಲಿ ಗಳಿಸಿಕೊಳ್ಳಬೇಕು. ಅವರು ನಮ್ಮ ನೌಕರರಲ್ಲ, ಪಾಲುದಾರರು ಎಂದು ಕಂಪನಿಗಳು ಹೇಳುತ್ತವೆ. ಕಾಯಿದೆಯಾದರೋ ನೌಕರನೆಂದಷ್ಟೇ ಹೇಳಿ ನಿಂತಿಲ್ಲ, ಹತೋಟಿಯಲ್ಲಿರುವವನೆಂದೂ ಹೇಳಿದೆ. ಯಾವ ದಾರಿ, ಎಷ್ಟು ನಿಮಿಷ, ತಡವಾದರೆ ಏನು ನಷ್ಟ ಎಂಬುದನ್ನೆಲ್ಲ ಗೊತ್ತುಪಡಿಸುವವನಿಗೆ ಹತೋಟಿಯಿಲ್ಲವೆಂದರೆ ನಂಬುವುದು ಕಷ್ಟ.

ಮುಂದೆ ಅತಿವೇಗಕ್ಕಾಗಿ ಇಂತಹ ಹುಡುಗನೊಬ್ಬನನ್ನು ತಡೆದ ಅಧಿಕಾರಿಯು ಅವನ ಪರವಾನಗಿಯೊಂದನ್ನೇ ಕೇಳದೆ, ಕೈಯಲ್ಲಿರುವ ಫೋನಿನಲ್ಲಿ ಅವನಿಗೆ ಕೊಟ್ಟಿರುವ ಹೊತ್ತು ಎಷ್ಟೆಂಬುದನ್ನೂ ನೋಡಿ ಚಲಾನಿನಲ್ಲಿ ಬರೆದುಕೊಳ್ಳಲಿ. ರಾತ್ರಿಬಸ್ಸಿನ ವಿಷಯದಲ್ಲಾದರೆ ಹೊರಟ ಹೊತ್ತು ಹಾಗೂ ಮುಟ್ಟಬೇಕಾದ ಹೊತ್ತು ಟಿಕೇಟಿನ ಮೇಲೆಯೇ ಅಚ್ಚಾಗಿರುತ್ತದೆ. ದೂರವನ್ನು ಹೊತ್ತಿನಿಂದ ಭಾಗಿಸುವುದಕ್ಕೆ ರಾಡಾರು ಯಂತ್ರವೇನೂ ಬೇಕಾಗಿಲ್ಲ.